ಎರಡು ಭಾಷೆಯ ಪುಟವನ್ನು ಅಮ್ಮನ ಕೈಗೆ ಕೊಡಿ

ಪತ್ರ: ನಾನು ಮೂಲತಃ ಧಾರವಾಡದವಳು, ಈಗ ಅಮೆರಿಕದ ಹ್ಯೂಸ್ಟನ್ ನಗರದಲ್ಲಿದ್ದೇನೆ. ಶನಿವಾರಗಳಂದು ಇಲ್ಲಿನ ಗ್ರಂಥಾಲಯವೊಂದರಲ್ಲಿ ಮಕ್ಕಳಿಗೆ ಕಥೆ ಓದುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಹೊಂಡುರಾಸ್ ಮೂಲದ ಕುಟುಂಬಗಳವರು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳಿಗೆಂದೇ ಅಲ್ಲೊಂದು ಕಪಾಟಿದೆ. ಮಕ್ಕಳು ಇಂಗ್ಲಿಷ್ ಸಾಲು ಓದಿ ಪುಟ ತಿರುವುತ್ತಾರೆ, ಸ್ಪ್ಯಾನಿಷ್ ಸಾಲಿನ ಕಡೆ ನೋಡುವುದೂ ಇಲ್ಲ. ತಂದೆತಾಯಂದಿರು ಹಿಂದಿನ ಕುರ್ಚಿಗಳಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಆ ಜನರಿಗೆ ಓದಿನ ರೂಢಿಯೇ ಇಲ್ಲವೆಂದು ತೋರುತ್ತದೆ. ಎರಡು ದೋಣಿಯಲ್ಲಿ ಕಾಲಿಡುವ ಇಂತಹ ಪುಸ್ತಕಗಳ ಬದಲು ಒಳ್ಳೆಯ ಇಂಗ್ಲಿಷ್ ಪುಸ್ತಕಗಳನ್ನೇ ಕೊಳ್ಳಿ ಎಂದು ಗ್ರಂಥಾಲಯಕ್ಕೆ ಬರೆಯಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯವೇನು? (ಹೆಸರು ಬೇಡವೆಂದಿರುವ ಓದುಗರು)

ಉತ್ತರ: ವಾರದ ಬಿಡುವನ್ನು ಪರರ ಮಕ್ಕಳಿಗೆ ಕಥೆ ಓದುವುದಕ್ಕೆಂದು ಕೊಡುವವರ ಮೇಲೆ ಸಿಟ್ಟಾಗುವುದು ಕಷ್ಟ. ನಿಮ್ಮ ಪತ್ರ ಓದಿ ನಿಮ್ಮ ಬಗ್ಗೆ ಅಭಿಮಾನವೇ ಮೂಡಿತು. ಆದರೆ 'ಆ ಜನರಿಗೆ ಓದಿನ ರೂಢಿಯೇ ಇಲ್ಲ' ಎಂಬ ಮಾತಿನ ಬಳಿಗೆ ಬಂದಾಗ ಮನಸ್ಸು ಕಹಿಯಾಯಿತು. ಅದನ್ನು ಹಾಗೆಯೇ ಬಿಡಲಾರೆ. ಉತ್ತರ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನೀವು ಕಣ್ಣಾರೆ ಕಂಡದ್ದು ನಿಜ, ಒಪ್ಪುತ್ತೇನೆ. ಪುಟದಲ್ಲಿ ಎರಡು ಭಾಷೆಗಳಿದ್ದರೆ ಮಗು ತನಗೆ ಸಲೀಸಾದುದನ್ನೇ ಓದುತ್ತದೆ, ಶಾಲೆಗೆ ಹೋಗುವ ಮಗುವಿಗೆ ಬಹುಬೇಗ ಇಂಗ್ಲಿಷೇ ಸಲೀಸಾಗುತ್ತದೆ. ಕೆಲವು ಪುಸ್ತಕಗಳ ಸ್ಪ್ಯಾನಿಷ್ ಅವಸರದ ಅನುವಾದವಾಗಿರುತ್ತದೆ ಎಂಬ ದೂರೂ ಇದೆ. ಇಷ್ಟು ನಿಮ್ಮ ಪಕ್ಷಕ್ಕೆ.

ಈಗ ಓದಿನ ರೂಢಿಯ ಮಾತು. 1865ರಲ್ಲಿ, ಇವರಂತೆಯೇ ಸ್ಪ್ಯಾನಿಷ್ ಆಡುವ ಕ್ಯೂಬಾ ದ್ವೀಪದ ಹವಾನಾ ನಗರದ ಸಿಗಾರ್ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಶುರುವಾಯಿತು. ಕೆಲಸಗಾರರು ಸಾಲುಸಾಲು ಮೇಜುಗಳ ಮುಂದೆ ಕುಳಿತು ಹೊಗೆಸೊಪ್ಪನ್ನು ಸುರುಳಿ ಸುತ್ತುತ್ತಿದ್ದರೆ, ಲೆಕ್ತೋರ್ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ ಎತ್ತರದ ಪೀಠವೇರಿ ಅವರಿಗಾಗಿ ಗಟ್ಟಿಯಾಗಿ ಓದುತ್ತಿದ್ದ. ಪತ್ರಿಕೆಯ ಸುದ್ದಿ ಮುಗಿದ ಮೇಲೆ ಕಾದಂಬರಿ. ಸರ್ವಾಂಟಿಸ್, ವಿಕ್ಟರ್ ಹ್ಯೂಗೋ, ಜೋಲಾ ಎಲ್ಲರನ್ನೂ ಆ ಜನ ಕೇಳಿದರು. ಅವನಿಗೆ ಸಂಬಳ ಕೊಡುತ್ತಿದ್ದವನು ಮಾಲೀಕನಲ್ಲ, ಕೆಲಸಗಾರರೇ ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ಎತ್ತಿ ಕೊಡುತ್ತಿದ್ದರು. ಯಾವ ಕಾದಂಬರಿ ಬೇಕೆಂದು ಮತ ಹಾಕಿ ಆರಿಸಿಕೊಳ್ಳುತ್ತಿದ್ದುದೂ ಉಂಟು. ಈ ಪದ್ಧತಿ ಕ್ಯೂಬಾದಿಂದ ಹೊರಟವರ ಜೊತೆ ಫ್ಲಾರಿಡಾದ ಕೀ ವೆಸ್ಟ್‌ಗೆ, ಟ್ಯಾಂಪಾದ ಈಬೊರ್ ಸಿಟಿಗೆ, ನ್ಯೂಯಾರ್ಕಿಗೆ ಬಂತು. ಟ್ಯಾಂಪಾದಲ್ಲಿ 1931ರಲ್ಲಿ ಅದನ್ನು ನಿಲ್ಲಿಸಿದವರು ಕಾರ್ಖಾನೆಯ ಮಾಲೀಕರು. ಓದಿ ಓದಿ ಜನ ಹಕ್ಕುಗಳ ಮಾತಾಡತೊಡಗಿದ್ದಾರೆ ಎಂಬುದು ಅವರ ಭಯ. ಕೂಲಿಯ ಹಣದಲ್ಲಿ ಓದುಗನನ್ನು ನೇಮಿಸಿಕೊಂಡ ಸಮುದಾಯಗಳು ಇತಿಹಾಸದಲ್ಲಿ ಎಷ್ಟಿವೆ, ಯೋಚಿಸಿ.

ನಿಮಗೆ ಇದು ಅರ್ಥವಾಗದಿರಲು ಕಾರಣವೇ ಇಲ್ಲ. ನಮ್ಮ ಊರುಗಳ ಜಗಲಿಗಳಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದಾಗ, ಅಕ್ಷರ ಬಾರದ ಮುದುಕಿಯರು ಮುಂದಿನ ಪದ್ಯವನ್ನು ತಾವೇ ಎತ್ತಿಕೊಡುತ್ತಿದ್ದರು. ಅಂಥವರಿಗೆ ಓದಿನ ಸಂಸ್ಕಾರ ಇರಲಿಲ್ಲವೆಂದು ಧಾರವಾಡದ ಮಗಳು ಹೇಳಬಹುದೇ?

ಇನ್ನು ಗ್ರಂಥಾಲಯದ ವಿಷಯ. ಪೂರಾ ಬೆಲ್ಪ್ರೆ ಎಂಬ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ನಿಮ್ಮ ಗ್ರಂಥಾಲಯದ ಕೆಲವು ಮಕ್ಕಳ ಪುಸ್ತಕಗಳ ಹೊದಿಕೆಯ ಮೇಲೆ ಆಕೆಯ ಹೆಸರಿನ ಪ್ರಶಸ್ತಿಯ ಮುದ್ರೆ ಇರಬೇಕು. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಬದುಕನ್ನು ಕುರಿತ ಮಕ್ಕಳ ಪುಸ್ತಕಗಳಿಗೆ ಆ ಪ್ರಶಸ್ತಿಯನ್ನು 1996ರಿಂದ ಕೊಡುತ್ತಿದ್ದಾರೆ. ಪೋರ್ಟೊರಿಕೊ ದ್ವೀಪದಿಂದ ನ್ಯೂಯಾರ್ಕಿಗೆ ಬಂದ ಈ ತರುಣಿ 1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಪಡೆದ ಮೊದಲ ಪೋರ್ಟೊರಿಕೊ ಮಹಿಳೆ ಆಕೆ. ಜಗತ್ತಿನ ಜಾನಪದ ಕಥೆಗಳಿದ್ದ ಕಪಾಟಿನಲ್ಲಿ ತನ್ನ ಅಜ್ಜಿ ಹೇಳುತ್ತಿದ್ದ ಕಥೆಗಳು ಒಂದೂ ಇರಲಿಲ್ಲ. ಸಿಗದ ಪುಸ್ತಕವನ್ನು ತಾನೇ ಬರೆದಳು: ಜಿರಳೆ ಹೆಣ್ಣು ಮಾರ್ಟೀನಾ ಇಲಿಯೊಂದನ್ನು ಮದುವೆಯಾಗುವ ಕಥೆ 1932ರಲ್ಲಿ ಅಚ್ಚಾಯಿತು. 115ನೇ ಬೀದಿಯ ಶಾಖೆಗೆ ಹೋದ ಮೇಲೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಕಥೆ ಹೇಳಿದಳು, ಗೊಂಬೆಯಾಟ ಆಡಿಸಿದಳು, ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಜರ ನೆನಪಿನ ಜನವರಿ 6ರ ಹಬ್ಬವನ್ನು ಗ್ರಂಥಾಲಯದೊಳಕ್ಕೆ ತಂದಳು. ಆ ಬಾಗಿಲು ತಮಗಲ್ಲವೆಂದುಕೊಂಡಿದ್ದ ತಾಯಂದಿರು ಮಕ್ಕಳ ಕೈ ಹಿಡಿದು ಒಳಗೆ ಬಂದರು.

ನಾನು ಬಲವಾಗಿ ನಂಬಿರುವುದನ್ನು ನೇರವಾಗಿಯೇ ಹೇಳುತ್ತೇನೆ. ದ್ವಿಭಾಷಾ ಪುಸ್ತಕ ಇರುವುದು ಮುಖ್ಯವಾಗಿ ಮಗುವಿನ ಪಕ್ಕದಲ್ಲಿ ಕೂರುವ ದೊಡ್ಡವರಿಗಾಗಿ. ಮಗುವಿಗೆ ಇಂಗ್ಲಿಷ್ ಹೇಗೂ ಬರುತ್ತದೆ. ಶಾಲೆ, ಬೀದಿ, ಟಿವಿ, ಮೊಬೈಲ್ ಎಲ್ಲವೂ ಅದನ್ನೇ ಕಲಿಸುತ್ತಿವೆ. ಇಂಗ್ಲಿಷ್ ಮಾತ್ರ ಇರುವ ಪುಸ್ತಕ ಮನೆಗೆ ಬಂದ ದಿನ ಕಷ್ಟ ಒದಗುವುದು ತಾಯಿಗೆ. ಮಗು 'ಓದು' ಎಂದು ಪುಸ್ತಕ ಚಾಚುತ್ತದೆ, ಅವಳು ತಲೆ ಅಲ್ಲಾಡಿಸಬೇಕಾಗುತ್ತದೆ. ಹಾಗೆ ಪದೇ ಪದೇ ಆದರೆ ಮಗು ಅಮ್ಮನ ಬಳಿ ಪುಸ್ತಕ ತರುವುದನ್ನೇ ಬಿಡುತ್ತದೆ. ಅಕ್ಕ ಓದುತ್ತಾಳೆ, ಟೀಚರ್ ಓದುತ್ತಾರೆ, ನೀವು ಓದುತ್ತೀರಿ. ಹೆತ್ತವಳು ಹಿಂದಿನ ಕುರ್ಚಿಯಲ್ಲಿ ಕೂರುತ್ತಾಳೆ. ನೀವು ಕಂಡ ಮೌನ ಹೀಗೆ ಹುಟ್ಟಿದ್ದು. ಕಪಾಟು ಖಾಲಿ ಮಾಡಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಆ ತಾಯಂದಿರಿಗೆ ಪುಸ್ತಕವನ್ನೂ ಮಾತನಾಡುವ ಅವಕಾಶವನ್ನೂ ಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಪಾಹಾರೊ ಕಣಿವೆಯ ಉದಾಹರಣೆ ಇದೆ. ವಾಟ್ಸನ್‌ವಿಲ್ ಪಟ್ಟಣದ ಸುತ್ತಲಿನ ಆ ಕಣಿವೆ ಸ್ಟ್ರಾಬೆರಿ ಬೆಳೆಯುವ ನಾಡು, ಹೊಲಗಳಲ್ಲಿ ದುಡಿಯುವವರು ಬಹುತೇಕ ಮೆಕ್ಸಿಕೊ ಮೂಲದವರು. 1980ರ ದಶಕದಲ್ಲಿ, ಕ್ಯೂಬಾದಲ್ಲಿ ಹುಟ್ಟಿದ ಶಿಕ್ಷಣತಜ್ಞೆ ಆಲ್ಮಾ ಫ್ಲೋರ್ ಆದಾ ಅಲ್ಲಿನ ಶಿಕ್ಷಕರ ಜೊತೆಗೂಡಿ ತಂದೆತಾಯಂದಿರನ್ನು ತಿಂಗಳಿಗೊಮ್ಮೆ ಸಂಜೆ ಸೇರಿಸತೊಡಗಿದರು. ಅನೇಕರು ಶಾಲೆಯಲ್ಲಿ ಕೆಲವೇ ವರ್ಷ ಕಲಿತವರು. ಸ್ಪ್ಯಾನಿಷ್ ಮಕ್ಕಳ ಪುಸ್ತಕಗಳನ್ನು ಅವರ ಮುಂದೆ ಓದಿ, ನಿಮಗೇನನ್ನಿಸಿತು, ನಿಮ್ಮ ಬದುಕಿನಲ್ಲಿ ಹೀಗಾಗಿದೆಯೇ ಎಂದು ಕೇಳಿ, ಪುಸ್ತಕವನ್ನು ಮನೆಗೆ ಕೊಟ್ಟು ಕಳುಹಿಸಿದರು. ಮನೆಯಲ್ಲಿ ಓದು ನಡೆಯಿತು. ಮಕ್ಕಳು ತಾವೇ ಕಥೆ ಕಟ್ಟಿದರು, ಅಪ್ಪ ಅಮ್ಮ ಅವನ್ನು ಬರೆದುಕೊಂಡು ತಂದು ಸಭೆಯಲ್ಲಿ ಎದ್ದು ನಿಂತು ಓದಿದರು. ಹಗಲೆಲ್ಲ ಬೆನ್ನು ಬಗ್ಗಿಸಿ ಹಣ್ಣು ಕಿತ್ತ ಮನುಷ್ಯ ತನ್ನ ಮಗಳ ಕಥೆಯನ್ನು ನೆರೆದವರ ಮುಂದೆ ಓದುವುದೆಂದರೆ ಏನೆಂದು ಊಹಿಸಿಕೊಳ್ಳಿ. ಅದರ ವರದಿಯನ್ನು ಓದುವಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಮನೆಯ ಭಾಷೆಯ ಓದು ಇಂಗ್ಲಿಷಿಗೆ ಅಡ್ಡಿ ಎಂಬ ಹೆದರಿಕೆಗೆ ಆಧಾರವಿಲ್ಲ. ಈ ಕುರಿತ ಸಂಶೋಧನೆಗಳನ್ನು ಪರಿಶೀಲಿಸಿ ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ತಜ್ಞರ ಸಮಿತಿಯ ವರದಿ, ಮನೆಮಾತಿನಲ್ಲಿ ಓದಲು ಕಲಿಯುವುದು ಇಂಗ್ಲಿಷ್ ಓದಿಗೂ ನೆರವಾಗುತ್ತದೆ ಎಂದೇ ಹೇಳಿದೆ.

ಆ ತಂದೆತಾಯಂದಿರು ಸುಮ್ಮನೆ ಕೂರುವುದರ ಹಿಂದೆ ಇನ್ನೂ ಹಳೆಯ ನೋವಿದೆ, ಅದು ನಿಮ್ಮದೇ ಟೆಕ್ಸಸ್ ರಾಜ್ಯದ್ದು. ಮಾರ್ಫಾ ಎಂಬ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ ಮೆಕ್ಸಿಕೊ ಮೂಲದ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ ಕಲಿಸುತ್ತಿದ್ದರು. ಸ್ಪ್ಯಾನಿಷ್ ಆಡಿದರೆ ಏಟು. 1954ರಲ್ಲಿ ಆ ಮಕ್ಕಳ ಕೈಯಲ್ಲೇ ಚೀಟಿ ಬರೆಸಿ, ಪೆಟ್ಟಿಗೆಯಲ್ಲಿಡಿಸಿ, ಧ್ವಜಸ್ತಂಭದ ಬಳಿ ಹೂಳಿಸಿ ಅವರ ಭಾಷೆಗೆ ಶವಸಂಸ್ಕಾರ ಮಾಡಿಸಿದರು. ಆ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಕಾಪಾಡುವ ಕಾನೂನು 2022ರಲ್ಲಿ ಬಂತು. ಹೀಗೆ ಏಟು ತಿಂದವರು ತಮ್ಮ ಮಕ್ಕಳಿಗಾದರೂ ಈ ಪಾಡು ಬೇಡವೆಂದು ಸ್ಪ್ಯಾನಿಷ್ ಕಲಿಸದೆ ಉಳಿದರು. ಈಗ ಆ ಮೊಮ್ಮಕ್ಕಳಿಗೆ ಇನ್ನೊಂದು ಅವಮಾನ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಸರಿಯಾಗಿ ಬಾರದ ಲ್ಯಾಟಿನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮವರೇ ತಮ್ಮನ್ನು ಅದಕ್ಕಾಗಿ ಹೀಯಾಳಿಸಿದ್ದನ್ನು ಹೇಳಿಕೊಂಡಿದ್ದಾರೆ. ಅಂಥ ತಂದೆಯೊಬ್ಬ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಂಗ್ಲಿಷ್ ಸಾಲಿನ ಆಸರೆಯಿಂದ ಸ್ಪ್ಯಾನಿಷ್ ಸಾಲನ್ನು ತಡವರಿಸಿ ಓದಲು ಯಾರ ಅಪ್ಪಣೆಯೂ ಬೇಕಿಲ್ಲ, ನೀವು ಬೇಡವೆನ್ನುವ ಪುಸ್ತಕವೊಂದಿದ್ದರೆ ಸಾಕು.

ಸರ್ಕಾರಗಳು ನಡೆದುಕೊಂಡ ರೀತಿಯನ್ನೂ ನೋಡಿ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ಶಾಲೆಗಳ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ಮುಚ್ಚಿಸಿದರು. ಆ ಕಾನೂನನ್ನು ತೆಗೆದುಹಾಕಿದ್ದು 2016ರಲ್ಲಿ. ನಡುವೆ ಒಂದು ಇಡೀ ತಲೆಮಾರು ಶಾಲೆ ಮುಗಿಸಿತು. 1999ರಲ್ಲಿ ನಿಮ್ಮ ಟೆಕ್ಸಸ್‌ನ ಎಲ್ ಪಾಸೋ ಊರಿನ ಪುಟ್ಟ ಪ್ರಕಾಶನ ಸಿಂಕೊ ಪುಂತೋಸ್ ಎರಡು ಭಾಷೆಯ ಮಕ್ಕಳ ಪುಸ್ತಕವೊಂದನ್ನು ತರಲು ಹೊರಟಾಗ, ಅದರ ಲೇಖಕ ಮೆಕ್ಸಿಕೊದ ಬಂಡಾಯ ನಾಯಕನೆಂಬ ಕಾರಣಕ್ಕೆ ಕೇಂದ್ರದ ಕಲಾ ನಿಧಿಯವರು ಒಪ್ಪಿದ್ದ 7,500 ಡಾಲರ್ ನೆರವನ್ನು ಕೊನೆ ಗಳಿಗೆಯಲ್ಲಿ ಹಿಂತೆಗೆದುಕೊಂಡರು. ಖಾಸಗಿ ಪ್ರತಿಷ್ಠಾನವೊಂದು ಅದರ ಎರಡರಷ್ಟು ಕೊಟ್ಟು ಪುಸ್ತಕವನ್ನು ಉಳಿಸಿತು. ಇದೆಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಈಗಿನ ಇಬ್ಬಗೆ. ಅನುಕೂಲಸ್ಥರ ಮನೆಯ ಇಂಗ್ಲಿಷ್ ಮಗು ದ್ವಿಭಾಷಾ ಶಾಲೆ ಸೇರಿ ನಾಲ್ಕು ಸಾಲು ಸ್ಪ್ಯಾನಿಷ್ ಹೇಳಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೊಂಡುರಾಸ್‌ನಿಂದ ಬಂದ ಗಾರೆ ಕೆಲಸದವನ ಮಗಳು ಅದೇ ಭಾಷೆಯನ್ನು ನಿರರ್ಗಳವಾಗಿ ಆಡಿದರೆ ಅವಳ ಕಡತದಲ್ಲಿ ಕೊರತೆಯೆಂದು ಬರೆಯುತ್ತಾರೆ. ಇದು ಭಾಷೆಯ ಪ್ರಶ್ನೆಯೇ ಅಲ್ಲ, ಬಡತನವನ್ನು ಕಂಡರೆ ಸಮಾಜಕ್ಕಿರುವ ತಾತ್ಸಾರ.

ದೊಡ್ಡ ಪ್ರಕಾಶಕರ ಮೇಲೂ ನನಗೆ ದೂರಿದೆ. ಸ್ಪ್ಯಾನಿಷ್ ಸಾಲನ್ನು ಕೆಳಗೆ, ಚಿಕ್ಕ ಅಕ್ಷರದಲ್ಲಿ, ಬಾಗಿದ ಅಚ್ಚಿನಲ್ಲಿ ಒತ್ತರಿಸಿಟ್ಟರೆ ಯಾವುದು ಮುಖ್ಯವೆಂದು ಮಗುವಿಗೆ ಓದುವ ಮೊದಲೇ ತಿಳಿಯುತ್ತದೆ. ಇದನ್ನು ಸರಿಯಾಗಿ ಮಾಡುವವರು ಸಣ್ಣವರೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1975ರಲ್ಲಿ ಹ್ಯಾರಿಯೆಟ್ ರೋಮರ್ ಆರಂಭಿಸಿದ ಚಿಲ್ಡ್ರನ್ಸ್ ಬುಕ್ ಪ್ರೆಸ್ ಎರಡೂ ಭಾಷೆಗೆ ಸಮನಾದ ಜಾಗ ಕೊಟ್ಟು, ಚಿತ್ರಗಳನ್ನು ಆ ಸಮುದಾಯದ ಕಲಾವಿದರಿಂದಲೇ ಬರೆಸಿತು. ಇನ್ನೊಂದು ಸಂಸ್ಥೆ ನಿಮ್ಮ ಊರಿನಲ್ಲೇ ಇದೆ. ನಿಕೋಲಾಸ್ ಕನೆಯೋಸ್ 1979ರಲ್ಲಿ ಕಟ್ಟಿದ ಆರ್ತೆ ಪೂಬ್ಲಿಕೊ ಪ್ರೆಸ್, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ. ಅದರ ಮಕ್ಕಳ ವಿಭಾಗ ಪಿನ್ಯಾತಾ ಬುಕ್ಸ್ 1990ರ ದಶಕದಿಂದ ಇಂತಹ ಪುಸ್ತಕಗಳನ್ನೇ ತರುತ್ತಿದೆ. ಅಷ್ಟು ಹತ್ತಿರದಲ್ಲಿರುವ ನೀವು ಒಮ್ಮೆ ಅಲ್ಲಿಗೆ ಹೋಗಿ ಬರದೆ ಆ ಕಪಾಟು ದಂಡವೆಂದು ತೀರ್ಮಾನಿಸಿದ್ದು ನನಗೆ ಬೇಸರ ತಂದಿದೆ.

ನಿಮ್ಮ ಸ್ವಂತ ಮನೆಯ ಮಾತನ್ನೂ ಕೇಳುವ ಸಲುಗೆ ತೆಗೆದುಕೊಳ್ಳುತ್ತೇನೆ. ಊರಿನಿಂದ ನಿಮ್ಮ ತಾಯಿಯೋ ಅತ್ತೆಯೋ ಬಂದು ನಾಲ್ಕಾರು ತಿಂಗಳು ಇರುವಾಗ ಮೊಮ್ಮಕ್ಕಳಿಗೆ ಯಾವ ಪುಸ್ತಕ ಓದಿ ಹೇಳುತ್ತಾರೆ? ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಕನ್ನಡ-ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕಗಳನ್ನು ತಂದಿದ್ದಾರೆ. ಮುಂದಿನ ಬಾರಿ ಬರುವವರ ಚೀಲದಲ್ಲಿ ಹಪ್ಪಳ, ಚಟ್ನಿಪುಡಿಯ ಜೊತೆ ಅವಕ್ಕೂ ಜಾಗ ಇರಲಿ.

ಬರುವ ಶನಿವಾರ ನೀವು ಇಂಗ್ಲಿಷ್ ಸಾಲುಗಳನ್ನಷ್ಟೇ ಓದಿ. ಸ್ಪ್ಯಾನಿಷ್ ಸಾಲು ಬಂದಾಗ ಪುಸ್ತಕವನ್ನು ಹಿಂದಿನ ಸಾಲಿನ ತಾಯಿಯೊಬ್ಬರ ಕೈಗೆ ಕೊಟ್ಟು ಓದಿ ಎಂದು ಕೇಳಿಕೊಳ್ಳಿ. ಮೊದಲ ವಾರ ಅವರು ಸಂಕೋಚಪಟ್ಟಾರು. ಹಿಂದಿನ ದಿನವೇ ಪುಸ್ತಕ ಮನೆಗೆ ಕೊಟ್ಟಿದ್ದರೆ ಸಂಕೋಚ ಕಡಿಮೆಯಾಗುತ್ತದೆ. ಓದಲು ಬಾರದವರಿದ್ದರೆ ಚಿತ್ರ ನೋಡಿ ಕಥೆ ಹೇಳಲಿ, ಅದೂ ನಡೆಯುತ್ತದೆ. ಎಲ್ ಪಾಸೋದಲ್ಲಿ ಹುಟ್ಟಿದ ಕವಯಿತ್ರಿ ಪ್ಯಾಟ್ ಮೋರಾ 1990ರ ದಶಕದಲ್ಲಿ ಆರಂಭಿಸಿದ ಮಕ್ಕಳ ಮತ್ತು ಪುಸ್ತಕಗಳ ದಿನವನ್ನು ಅಮೆರಿಕದ ಗ್ರಂಥಾಲಯಗಳು ಏಪ್ರಿಲ್ 30ರಂದು ಆಚರಿಸುತ್ತವೆ. ಆ ದಿನದ ಪೂರ್ತಿ ಕಾರ್ಯಕ್ರಮವನ್ನು ಈ ತಾಯಂದಿರಿಗೇ ವಹಿಸಿಕೊಡುವಂತೆ ಗ್ರಂಥಪಾಲಕರನ್ನು ಒಪ್ಪಿಸಿ.

ಗ್ರಂಥಾಲಯಕ್ಕೆ ಬರೆಯಬೇಕೆಂದಿದ್ದ ಪತ್ರವನ್ನೂ ಬರೆಯಿರಿ, ಬೇಡಿಕೆಯನ್ನು ಮಾತ್ರ ಬದಲಿಸಿ: ಅಂತಹ ಪುಸ್ತಕಗಳು ಇನ್ನಷ್ಟು ಬೇಕು, ಅವನ್ನು ಆರಿಸುವಾಗ ಸ್ಪ್ಯಾನಿಷ್ ಬಲ್ಲ ಪೋಷಕರನ್ನು ಕೇಳಬೇಕು. ಅವರು ಏನು ಉತ್ತರಿಸಿದರೆಂದು ನಮಗೂ ತಿಳಿಸಿ.