ಪೊಲೀಸ್ ಇಲಾಖೆಯ ಗುಮಾಸ್ತ ಹುದ್ದೆಯ ಪರಿಶೀಲನಾ ನಮೂನೆಯಲ್ಲಿ ಕಾಲೇಜು ದಿನಗಳ ರಸ್ತೆತಡೆ ಪ್ರಕರಣವನ್ನು ಬರೆಯಬೇಕೇ?

ಕೇರಳ ಲೋಕಸೇವಾ ಆಯೋಗದ ಪಟ್ಟಿಯಿಂದ ಪೊಲೀಸ್ ಇಲಾಖೆಯ ಗುಮಾಸ್ತ ಹುದ್ದೆಗೆ ನಿಮ್ಮ ಹೆಸರು ಬಂದಿದೆ, ಕಾಲೇಜಿನಲ್ಲಿದ್ದಾಗ ರಸ್ತೆತಡೆಯ ಪ್ರಕರಣವೊಂದರಲ್ಲಿ ದಂಡ ಕಟ್ಟಿದ್ದೀರಿ, ಅದು ಕಣ್ಣಿಗೆ ಬೀಳದಂತೆ ಪರಿಶೀಲನೆಯನ್ನು ದಾಟುವುದು ಹೇಗೆ ಮತ್ತು ಯಾರಿಂದಲಾದರೂ ಒಂದು ಮಾತು ಹೇಳಿಸಬೇಕೇ ಎಂದು ಕೇಳಿದ್ದೀರಿ. ದಾಟುವ ದಾರಿಯನ್ನು ನಾನು ಹೇಳಿಕೊಡುವುದಿಲ್ಲ, ಏಕೆಂದರೆ ನಾನು ಆ ದಾರಿಯಲ್ಲೇ ಹೋಗಿ ಇಂಥದೇ ಕೆಲಸವನ್ನು ಕಳೆದುಕೊಂಡವಳು.

ನಾನು ಬದಿಯಡ್ಕದ ಕಡೆಯವಳು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆಂದು ಕಾಸರಗೋಡಿಗೆ ಬಂದಿದ್ದೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಪ್ರತಿಭಟನೆ ನಡೆಯುತ್ತದೆ ಎನ್ನುವುದು ನಿಮಗೂ ಗೊತ್ತಿರುವ ವಿಷಯ. ಅಂಥ ಒಂದು ಪ್ರತಿಭಟನೆಗೆ ನಾವು ಕೆಲವು ವಿದ್ಯಾರ್ಥಿನಿಯರು ಹೋಗಿ ರಸ್ತೆಯಲ್ಲಿ ಕುಳಿತೆವು. ಪೊಲೀಸರು ಹೆಸರು, ಮನೆಹೆಸರು, ವಿಳಾಸ ಬರೆದುಕೊಂಡು ಸಂಜೆಗೆ ಠಾಣೆಯಿಂದಲೇ ಜಾಮೀನು ಕೊಟ್ಟು ಕಳುಹಿಸಿದರು. ಅಂದು ಅಲ್ಲಿ ಕುಳಿತುದಕ್ಕೆ ನನಗೆ ಇಂದಿಗೂ ವಿಷಾದವಿಲ್ಲ, ನಿಮಗೂ ಇರಬೇಕಾಗಿಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆಂದು ಆಗಿನ ಭಾರತೀಯ ದಂಡಸಂಹಿತೆಯ 283ನೆಯ ಕಲಂ ಹಾಕಿದ್ದರು. ಅದಕ್ಕೆ ಇದ್ದ ಗರಿಷ್ಠ ಶಿಕ್ಷೆ 200 ರೂಪಾಯಿ ದಂಡ. ಎಷ್ಟೋ ಕಾಲದ ನಂತರ ಸಮನ್ಸ್ ಬಂದಾಗ ವಕೀಲರ ಕಚೇರಿಯಲ್ಲಿದ್ದವರು, ಒಪ್ಪಿಕೊಂಡು ದಂಡ ಕಟ್ಟಿದರೆ ಅಲ್ಲಿಗೇ ಮುಗಿಯುತ್ತದೆ, ವಾದ ಮಾಡುತ್ತಾ ಕುಳಿತರೆ ವರ್ಷಗಟ್ಟಲೆ ವಿದ್ಯಾನಗರದ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ ಎಂದರು. ದಂಡ ಕಟ್ಟಿ ಮನೆಗೆ ಬಂದೆ.

ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗಾಗಿ ಕಾಸರಗೋಡಿನಲ್ಲಿ ಪ್ರತ್ಯೇಕವಾಗಿ ಕರೆಯುವ ಗುಮಾಸ್ತ ಹುದ್ದೆಯ ಪಟ್ಟಿಯಲ್ಲಿ ಮುಂದೆ ನನ್ನ ಹೆಸರು ಬಂತು, ನೇಮಕಕ್ಕೆ ಆಯೋಗ ಶಿಫಾರಸು ಮಾಡುವ ಅಡ್ವೈಸ್ ಮೆಮೊ ಕೈಗೆ ಸಿಕ್ಕಿತು, ಪೊಲೀಸ್ ಇಲಾಖೆಯ ಒಂದು ಕಚೇರಿಗೆ ಹಾಕಿದರು. ನಡತೆ ಮತ್ತು ಪೂರ್ವಚರಿತ್ರೆಯ ಪರಿಶೀಲನೆಗೆಂದು ತುಂಬಿಕೊಡಬೇಕಾದ ನಮೂನೆಯಲ್ಲಿ, ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿದೆಯೇ, ಶಿಕ್ಷೆಯಾಗಿದೆಯೇ ಎಂದು ಕೇಳಿದ್ದಲ್ಲಿ ನಾನು ‘ಇಲ್ಲ’ ಎಂದು ಬರೆದೆ.

ಆ ‘ಇಲ್ಲ’ವನ್ನು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನೀವು ಈಗ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ದಂಡ ಕಟ್ಟಿದ ಮೇಲೆ ಪ್ರಕರಣವೇ ಇಲ್ಲವಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪ್ರಕರಣ ಮುಗಿಯುವುದು ಬೇರೆ, ಇಲ್ಲವಾಗುವುದು ಬೇರೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತರೆ ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾಗಿ ಶಿಕ್ಷೆಯಾಯಿತು ಎಂದೇ ಅರ್ಥ. ಮೊತ್ತ 200 ರೂಪಾಯಿಯಾಗಿದ್ದರೂ ಅದು ಶಿಕ್ಷೆಯೇ. ವಾದ ಮಾಡಿ ಖುಲಾಸೆಯಾದವರ ಕೈಯಲ್ಲಿ ತಮ್ಮ ಪರವಾದ ಒಂದು ತೀರ್ಪಾದರೂ ಇರುತ್ತದೆ, ಬೇಗ ಮುಗಿಯಲಿ ಎಂದು ಒಪ್ಪಿಕೊಂಡ ನಮ್ಮಂಥವರ ಕೈಯಲ್ಲಿ ಅದೂ ಇರುವುದಿಲ್ಲ. ಪ್ರತಿಭಟನೆಯ ಪ್ರಕರಣಗಳಲ್ಲಿ ಸಿಕ್ಕಿಕೊಂಡ ಹುಡುಗ ಹುಡುಗಿಯರಿಗೆ ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ ಎನ್ನುವುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆದರೆ ತಿಳಿಯದೆ ಬರೆದೆ ಎಂದು ನಾನು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ಆ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಸರ್ಕಾರಿ ಕೆಲಸದಲ್ಲೇ ನಿವೃತ್ತರಾಗಿದ್ದ ನನ್ನ ಸೋದರಮಾವ, “ಅಷ್ಟು ಸಣ್ಣದನ್ನು ಬರೆದು ನೀನಾಗಿಯೇ ಅವರ ಕಣ್ಣಿಗೆ ಬೀಳಬೇಕೇ ಮಗಳೇ, ಬಿಟ್ಟುಬಿಡು” ಎಂದರು. ಅವರು ಹೇಳಿದ್ದು ಪ್ರೀತಿಯಿಂದ. ನಿಮ್ಮ ಸುತ್ತ ಇರುವವರೂ ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಆದರೆ ನಮೂನೆಯ ಕೆಳಗೆ ಸಹಿ ಹಾಕುವವರು ಅವರಲ್ಲ. ಬರೆದರೆ ಕೆಲಸ ಹೋಗುತ್ತದೆ, ಬರೆಯದಿದ್ದರೆ ಉಳಿಯುತ್ತದೆ ಎಂಬ ಲೆಕ್ಕ ನನ್ನದಾಗಿತ್ತು. ಪರಿಶೀಲನೆ ಮಾಡುವವರು ಪೊಲೀಸರು, ದಾಖಲೆ ಇರುವುದೂ ಪೊಲೀಸರಲ್ಲಿ, ಕೆಲಸಕ್ಕೆ ಸೇರುತ್ತಿರುವುದೂ ಪೊಲೀಸ್ ಇಲಾಖೆಗೆ ಎಂಬ ಸರಳ ಸಂಗತಿ ಆ ಲೆಕ್ಕದಲ್ಲಿ ಬರಲೇ ಇಲ್ಲ. ಠಾಣೆಗಳ ದಾಖಲೆಗಳನ್ನು ಗಣಕಜಾಲದಲ್ಲಿ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2009ರಲ್ಲಿ. ಎಫ್‌ಐಆರ್‌ಗಳನ್ನು 24 ಗಂಟೆಗಳ ಒಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2016ರಲ್ಲಿ. ಹಳೆಯ ಕಡತ ಎಲ್ಲೋ ಗೆದ್ದಲು ಹಿಡಿದಿರುತ್ತದೆ ಎಂದು ನಿಮಗೆ ಧೈರ್ಯ ಹೇಳುವವರ ಮಾತನ್ನು ನಂಬಬೇಡಿ.

ಇಂಥ ಪರಿಶೀಲನೆ ಮಾಡುವ ಪೊಲೀಸ್ ವಿಭಾಗವಾದ ಸ್ಪೆಷಲ್ ಬ್ರಾಂಚಿನ ಒಬ್ಬರು ಮನೆಗೆ ಬಂದರು. ಅಮ್ಮನೊಡನೆ ಸೌಜನ್ಯದಿಂದಲೇ ಮಾತನಾಡಿದರು, ನೆರೆಮನೆಯವರನ್ನೂ ವಾರ್ಡ್ ಸದಸ್ಯರನ್ನೂ ವಿಚಾರಿಸಿದರು, ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ನಾವು ತಿಳಿದೆವು. ಕೆಲಸ ಕಲಿತೆ, ಟಪ್ಪಾಲು ನೋಡಿಕೊಳ್ಳುತ್ತಿದ್ದೆ, ಕನ್ನಡದಲ್ಲಿ ಬಂದ ಅರ್ಜಿಗಳನ್ನು ಮಲಯಾಳಕ್ಕೆ ಮಾಡಿಕೊಡುತ್ತಿದ್ದೆ. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು. ಪ್ರೊಬೇಷನ್ ಮುಗಿಯುವ ಮೊದಲೇ ಶೋಕಾಸ್ ನೋಟಿಸ್ ಬಂತು. ಅದರಲ್ಲಿ ನಾನು ರಸ್ತೆಯಲ್ಲಿ ಕುಳಿತದ್ದನ್ನು ಯಾರೂ ದೂರಿರಲಿಲ್ಲ. ದಂಡ ಕಟ್ಟಿದ ಸಂಗತಿಯನ್ನು ಮುಚ್ಚಿಟ್ಟು ಸುಳ್ಳು ಘೋಷಣೆ ಕೊಟ್ಟಿದ್ದಕ್ಕಾಗಿ ನಿಮ್ಮನ್ನು ಏಕೆ ಸೇವೆಯಿಂದ ತೆಗೆಯಬಾರದು ಎಂದಷ್ಟೇ ಕೇಳಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಸೇವೆಯಿಂದ ಬಿಡುಗಡೆ ಮಾಡಿದರು. ಸರ್ಕಾರಿ ನೌಕರರ ವ್ಯಾಜ್ಯಗಳನ್ನು ನೋಡುವ ನ್ಯಾಯಮಂಡಳಿಗೆ ಹೋದೆ, ಮರುಪರಿಶೀಲಿಸಿ ಎಂದು ಆದೇಶವಾಯಿತು, ಮರುಪರಿಶೀಲಿಸಿದ ಕಚೇರಿ ಮೊದಲಿನ ತೀರ್ಮಾನವನ್ನೇ ಉಳಿಸಿಕೊಂಡಿತು.

ಈ ಅಲೆದಾಟದಲ್ಲಿ ನಾನು ಓದಿ ತಿಳಿದದ್ದನ್ನು ನೀವು ಮೊದಲೇ ತಿಳಿದಿರುವುದು ಒಳ್ಳೆಯದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈಯಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ಇಂದಿಗೂ ಆಧಾರ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಏನನ್ನೂ ಮುಚ್ಚಿಡಬಾರದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಅಥವಾ ಅಷ್ಟೇ ಕ್ಷುಲ್ಲಕವಾದ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ತಮ್ಮ ವಿವೇಚನೆಯಿಂದ ಅದನ್ನು ಮನ್ನಿಸಬಹುದು. ಮುಗಿದುಹೋದ ಪ್ರಕರಣವನ್ನು ಪ್ರಾಮಾಣಿಕವಾಗಿ ತಿಳಿಸಿದ್ದರೂ ಪೂರ್ವಚರಿತ್ರೆಯನ್ನು ತೂಗಿನೋಡುವ ಅಧಿಕಾರ ಅವರಿಗೆ ಇದ್ದೇ ಇರುತ್ತದೆ. ಮನ್ನಿಸಬಹುದು ಎಂದಿದೆಯೇ ಹೊರತು ಮನ್ನಿಸಲೇಬೇಕು ಎಂದಿಲ್ಲ. ನಾನು ಬಿದ್ದದ್ದು ಅಲ್ಲಿಯೇ. ಹಾಗೆಯೇ 2011ರ ಸಂದೀಪ್ ಕುಮಾರ್ ಪ್ರಕರಣವನ್ನು ತೋರಿಸಿ, ಹರೆಯದ ತಪ್ಪುಗಳನ್ನು ನ್ಯಾಯಾಲಯ ಕ್ಷಮಿಸುತ್ತದೆ, ಹೆದರಬೇಡಿ ಎಂದು ನಿಮಗೆ ಯಾರಾದರೂ ಹೇಳಬಹುದು. ದೆಹಲಿ ಪೊಲೀಸ್ ಇಲಾಖೆಯ ಆ ಅಭ್ಯರ್ಥಿ ಮೊದಲ ಅರ್ಜಿಯಲ್ಲಿ ಹೇಳದಿದ್ದರೂ ಮುಂದೆ ಪೂರ್ವಚರಿತ್ರೆಯನ್ನು ಬರೆದುಕೊಡುವ ದೃಢೀಕರಣ ನಮೂನೆಯಲ್ಲಿ (ಅಟೆಸ್ಟೇಷನ್ ಫಾರ್ಮ್) ತಾನಾಗಿಯೇ ತಿಳಿಸಿದ್ದ ಎನ್ನುವುದನ್ನು ಅವರು ಹೇಳುವುದಿಲ್ಲ. ಅವನ ಪ್ರಕರಣವನ್ನು ನಂಬಿ ನೀವು ಸುಮ್ಮನಿರಲಾಗದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಪರಿಶೀಲನೆ ಎಂದರೆ ನೀವು ಒಳ್ಳೆಯವರೋ ಕೆಟ್ಟವರೋ ಎಂದು ಊರನ್ನು ಕೇಳುವ ಪರೀಕ್ಷೆ ಎಂದು ನೀವು ಭಾವಿಸಿದ್ದೀರಿ, ಅದಕ್ಕಾಗಿ ನೆರೆಹೊರೆಯವರು ಏನು ಹೇಳಿಯಾರು ಎಂದು ನಿದ್ದೆಗೆಡುತ್ತಿದ್ದೀರಿ. ನನ್ನ ಅನುಭವದಲ್ಲಿ ಅದು ಮುಖ್ಯವಾಗಿ ನೀವು ಬರೆದ ಕಾಗದಕ್ಕೂ ಅವರಲ್ಲಿರುವ ಕಾಗದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವ ಕೆಲಸ. ತಾಳೆಯಾದರೆ ನಿಮ್ಮ ರಸ್ತೆತಡೆಯ ಪ್ರಕರಣ ಒಂದು ಸಣ್ಣ ಪ್ರಕರಣವಾಗಿಯೇ ಉಳಿಯುತ್ತದೆ. ತಾಳೆಯಾಗದಿದ್ದರೆ ಅದು ಸುಳ್ಳು ಘೋಷಣೆಯ ಪ್ರಕರಣವಾಗುತ್ತದೆ, ಪೊಲೀಸ್ ಇಲಾಖೆಯ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿಲ್ಲ.

ಇದನ್ನು ನಾನು ಎರಡನೆಯ ಸಲ ಕಣ್ಣಾರೆ ಕಂಡೆ. ಮುಂದೆ ಕೇಂದ್ರ ಸರ್ಕಾರದ ಒಂದು ಕಚೇರಿಗೆ ಆಯ್ಕೆಯಾದಾಗ ಬಂದ ದೃಢೀಕರಣ ನಮೂನೆ ಇನ್ನೂ ಕಟ್ಟುನಿಟ್ಟಾಗಿತ್ತು. ಬಂಧನ, ವಿಚಾರಣೆ, ಮುಚ್ಚಳಿಕೆ, ದಂಡ, ಶಿಕ್ಷೆ ಒಂದೊಂದಕ್ಕೂ ಅಲ್ಲಿ ಬೇರೆಬೇರೆ ಪ್ರಶ್ನೆ. ಮಾಹಿತಿ ಮುಚ್ಚಿಟ್ಟರೆ ಅದೇ ಅನರ್ಹತೆಯಾಗುತ್ತದೆ ಎಂಬ ಎಚ್ಚರಿಕೆ ಮೇಲ್ಭಾಗದಲ್ಲೇ ಅಚ್ಚಾಗಿತ್ತು. ಈ ಬಾರಿ ಎಲ್ಲವನ್ನೂ ಬರೆದೆ. ಅಪರಾಧ ಸಂಖ್ಯೆ, ಕಲಂ, ನ್ಯಾಯಾಲಯ, ದಂಡ ಕಟ್ಟಿದ ದಿನಾಂಕದ ಜೊತೆಗೆ, ಹಿಂದಿನ ಕೆಲಸದಿಂದ ನನ್ನನ್ನು ಏಕೆ ಬಿಡುಗಡೆ ಮಾಡಿದರು ಎಂಬುದನ್ನೂ ಬರೆದು ತೀರ್ಪಿನ ನಕಲನ್ನು ಲಗತ್ತಿಸಿದೆ. ವರದಿ ಬರಲು ತಡವಾಯಿತು, ಒಂದು ಸ್ಪಷ್ಟೀಕರಣ ಕೇಳಿದರು, ಕೊಟ್ಟೆ, ಕೆಲಸಕ್ಕೆ ಸೇರಿಸಿಕೊಂಡರು. ಪ್ರಕರಣ ಅದೇ, ದಂಡ ಅದೇ, ಬರೆದವಳೂ ನಾನೇ. ನಿಮಗೂ ಖಂಡಿತ ಹೀಗೇ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ, ನಿಮ್ಮ ಪ್ರಕರಣದ ಕಲಮುಗಳು ನನ್ನವಕ್ಕಿಂತ ಭಾರವಾಗಿದ್ದರೆ ಅವರು ಬೇಡವೆನ್ನಲೂಬಹುದು. ಹಾಗಾದರೂ ಸುಳ್ಳು ಹೇಳಿದವರು ಎಂಬ ಮಾತು ನಿಮ್ಮ ಮುಂದಿನ ಅರ್ಜಿಗಳ ಬೆನ್ನು ಹತ್ತುವುದಿಲ್ಲ.

ಯಾರಿಂದಲಾದರೂ ಹೇಳಿಸಬೇಕೇ ಎಂಬುದಕ್ಕೆ ನನ್ನ ಉತ್ತರ ಬೇಡ ಎಂದೇ. ಪರಿಶೀಲನೆಗೆ ಬಂದವರ ಕೈಗೆ ಏನಾದರೂ ಇಡಿ ಎನ್ನುವವರೂ ಇರುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ನೇರವಾಗಿ ಅಪರಾಧ. 200 ರೂಪಾಯಿ ದಂಡದ ಪ್ರಕರಣವನ್ನು ಮುಚ್ಚಲು ಹೋಗಿ ಅದನ್ನು ತಲೆಯ ಮೇಲೆ ಎಳೆದುಕೊಳ್ಳಬೇಡಿ. ಮನೆಗೆ ಬಂದವರಿಗೆ ಕುಳಿತುಕೊಳ್ಳಲು ಹೇಳಿ, ಕೇಳಿದ್ದನ್ನು ಹೇಳಿ, ನಮೂನೆಯಲ್ಲಿ ಬರೆದದ್ದಕ್ಕಿಂತ ಬೇರೆಯಾಗಿ ಏನನ್ನೂ ಹೇಳಬೇಡಿ. ಅಪ್ಪ ಅಮ್ಮನಿಗೆ ಪ್ರಕರಣದ ವಿಷಯ ಗೊತ್ತಿಲ್ಲದಿದ್ದರೆ ಇಂದೇ ತಿಳಿಸಿ. ನಮ್ಮ ಮನೆಯಲ್ಲಿ ಅಮ್ಮನಿಗೆ ಅದು ಗೊತ್ತಾದದ್ದು ನೋಟಿಸ್ ಬಂದ ದಿನ.

ನೀವು ಕೆಲವು ವರ್ಷ ಮಂಗಳೂರಿನಲ್ಲಿ ಓದಿದ್ದೀರಿ ಎಂದು ಬರೆದಿದ್ದೀರಿ. ಅಲ್ಲಿನ ವಾಸವನ್ನು ಕೇಳಿದ್ದರೆ ಬಿಡದೆ ಬರೆಯಿರಿ, ಹಾಸ್ಟೆಲ್ ಆದರೂ ಪೇಯಿಂಗ್ ಗೆಸ್ಟ್ ಆದರೂ. ರಾಜ್ಯದ ಗಡಿ ದಾಟಿ ವರದಿ ಬರಬೇಕಾದ್ದರಿಂದ ಗಡಿನಾಡಿನ ನಮ್ಮಂಥವರ ಕಡತ ಉಳಿದವರದಕ್ಕಿಂತ ನಿಧಾನವಾಗಿ ಸಾಗುತ್ತದೆ. ಗಾಬರಿಯಾಗಬೇಡಿ, ದಿನದಿನವೂ ಕಚೇರಿಗೆ ಫೋನ್ ಮಾಡಬೇಡಿ, ವರದಿ ಬರುವ ತನಕ ಈಗಿರುವ ಕೆಲಸವನ್ನು ಬಿಡಬೇಡಿ. ಮಂಜೇಶ್ವರ ಒಂದು ಕಾಗದದಲ್ಲಿ ಮಂಜೇಶ್ವರಂ ಆಗಿರುವುದು, ಮನೆಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಕಡೆ ಸಾಮಾನ್ಯ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆದು, ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಸೂಚಿಸಿದರೆ ಸಾಕು.

ನಿಮ್ಮ ಪ್ರಕರಣದ ವಿವರ ನಿಮಗೇ ಸರಿಯಾಗಿ ನೆನಪಿಲ್ಲ ಎಂದಿದ್ದೀರಿ. ನೆನಪಿನಿಂದ ಬರೆಯಬೇಡಿ. ನ್ಯಾಯಾಲಯಗಳ ಪ್ರಕರಣಗಳ ವಿವರವಿರುವ ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ, ಸಂಖ್ಯೆ ಸಿಕ್ಕಿದ ಕೂಡಲೇ ದಂಡ ಕಟ್ಟಿದ ನ್ಯಾಯಾಲಯದಲ್ಲಿ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಸಿಗಲು ಸಮಯ ಹಿಡಿಯುತ್ತದೆ, ನಮೂನೆಗೆ ಕೊನೆಯ ದಿನಾಂಕವಿರುತ್ತದೆ. ಅಷ್ಟರೊಳಗೆ ಬರದಿದ್ದರೆ ಅರ್ಜಿ ಹಾಕಿದ ರಸೀದಿಯ ಪ್ರತಿಯನ್ನು ಲಗತ್ತಿಸಿ, ನಕಲು ಕೈಸೇರಿದೊಡನೆ ಸಲ್ಲಿಸುತ್ತೇನೆಂದು ಬರೆದುಕೊಡಿ, ಮತ್ತು ತುಂಬಿದ ನಮೂನೆಯ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.