ಸುರಕ್ಷತಾ ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಕಾರ್ಮಿಕ ಸಂಘ ಏನು ಮಾಡಬಹುದು?

ಪ್ರಶ್ನೆ: ದಕ್ಷಿಣ ಕನ್ನಡದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ನಾನು ಕೆಲಸಗಾರ. ನಮ್ಮಲ್ಲಿ ನೋಂದಾಯಿತ ಸಂಘವಿದೆ, ಸುರಕ್ಷತಾ ಸಮಿತಿಯೂ ಇದೆ. ಆದರೆ ಸಮಿತಿಯ ಕಾರ್ಮಿಕ ಪ್ರತಿನಿಧಿಗಳನ್ನು ಆಡಳಿತ ವರ್ಗವೇ ಆರಿಸುತ್ತದೆ. ಸಭೆ ಸೇರದಿದ್ದರೂ ನಡಾವಳಿ ಪುಸ್ತಕ ಸಹಿಗೆ ಬರುತ್ತದೆ. ದ್ರಾವಕ ತುಂಬುವ ವಿಭಾಗದಲ್ಲಿ ಹೊಗೆ ಹೊರಹಾಕುವ ಫ್ಯಾನುಗಳು ಕೆಟ್ಟು ತಿಂಗಳುಗಳಾದವು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಅಪಾಯವೆನಿಸಿದಾಗ ಕೆಲಸ ನಿಲ್ಲಿಸುವ ಹಕ್ಕು ನಮಗಿದೆಯೇ?

ಉತ್ತರ: ಎಲ್ಲಕ್ಕಿಂತ ಮೊದಲು ಆ ಸಹಿ ನಿಲ್ಲಬೇಕು. ನಡೆಯದ ಸಭೆಯ ನಡಾವಳಿಗೆ ಕಾರ್ಮಿಕ ಪ್ರತಿನಿಧಿ ಹಾಕಿದ ಸಹಿಯು, ನಾಳೆ ಅವಘಡವಾದರೆ, ಎಲ್ಲವೂ ಸರಿಯಿದೆಯೆಂದು ಕಾರ್ಮಿಕರೇ ಒಪ್ಪಿದ್ದರು ಎನ್ನುವುದಕ್ಕೆ ಆಡಳಿತದ ಕೈಗೆ ಸಿಗುವ ದಾಖಲೆಯಾಗುತ್ತದೆ.

ಇಂಥ ಸಮಿತಿಗಳು ಕಾನೂನಿಗೆ ಬಂದದ್ದು ದೊಡ್ಡ ಬೆಲೆ ತೆತ್ತ ನಂತರ. 1984ರ ಡಿಸೆಂಬರಿನ ಅನಿಲ ದುರಂತಕ್ಕೆ ಮೂರು ವರ್ಷ ಮುಂಚೆಯೇ ಭೋಪಾಲದ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಎಂಬ ವಿಷಾನಿಲ ತಗುಲಿ ಕಾರ್ಮಿಕನೊಬ್ಬ ಸತ್ತಿದ್ದ. ಸಂಘ ಎಚ್ಚರಿಸಿತ್ತು, ಆದರೆ ಆ ಎಚ್ಚರಿಕೆಗೆ ಉತ್ತರ ಕೊಡಲೇಬೇಕಾದ ವೇದಿಕೆ ಕಾರ್ಖಾನೆಯೊಳಗೆ ಇರಲಿಲ್ಲ. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ 41ಜಿ ಕಲಮು, ಅಪಾಯಕಾರಿ ಪ್ರಕ್ರಿಯೆ ನಡೆಯುವ ಪ್ರತಿಯೊಂದು ಕಾರ್ಖಾನೆಯಲ್ಲೂ ಕಾರ್ಮಿಕರ ಮತ್ತು ಆಡಳಿತದ ಸಮಸಂಖ್ಯೆಯ ಪ್ರತಿನಿಧಿಗಳಿರುವ ಸಮಿತಿಯನ್ನು ಕಡ್ಡಾಯಗೊಳಿಸಿತು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ 22ನೇ ಕಲಮು ಕಾರ್ಮಿಕರ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಕೂಡದೆನ್ನುತ್ತದೆ. ಆದರೆ ಯಾವ ಸಂಸ್ಥೆಗಳಲ್ಲಿ ಸಮಿತಿ ಬೇಕೆಂಬುದನ್ನು ಸರ್ಕಾರದ ಆದೇಶಕ್ಕೂ, ಪ್ರತಿನಿಧಿಗಳ ಆಯ್ಕೆಯ ಕ್ರಮವನ್ನು ನಿಯಮಗಳಿಗೂ ಬಿಟ್ಟಿದೆ. ಹಳೆಯ ಕಾಯ್ದೆ ನೇರವಾಗಿ ಕೊಟ್ಟಿದ್ದನ್ನು ಹೊಸದು ಸರ್ಕಾರದ ಮರ್ಜಿಗೆ ಒಪ್ಪಿಸಿದೆ ಎಂಬುದು ನನ್ನ ಆಕ್ಷೇಪ. ಏನಿದ್ದರೂ, ಆಡಳಿತವೇ ಹೆಸರಿಸಿದವರನ್ನು ಕಾರ್ಮಿಕರ ಪ್ರತಿನಿಧಿಗಳೆಂದು ಕರೆದರೆ ಆ ಸಮಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಸಂಘವು ಸರ್ವಸದಸ್ಯರ ಸಭೆಯಲ್ಲಿ ತನ್ನ ಪ್ರತಿನಿಧಿಗಳನ್ನು ಆರಿಸಿ, ಠರಾವಿನ ಪ್ರತಿಯನ್ನು ಆಡಳಿತಕ್ಕೂ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಕಳುಹಿಸಲಿ.

ಕೆಲಸ ನಿಲ್ಲಿಸುವ ವಿಷಯದಲ್ಲಿ ಎಚ್ಚರ ಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅಪಾಯದ ಕೆಲಸವನ್ನು ನಿರಾಕರಿಸುವ ಹಕ್ಕು ಕಾನೂನಿನಲ್ಲೇ ಇದೆ. ಅಲ್ಲಿನ ಜಂಟಿ ಸಮಿತಿ ಲಿಖಿತವಾಗಿ ಶಿಫಾರಸು ಮಾಡಿದರೆ ಮಾಲೀಕ 21 ದಿನಗಳೊಳಗೆ ಲಿಖಿತವಾಗಿಯೇ ಉತ್ತರಿಸಬೇಕು. ನಮ್ಮಲ್ಲಿ ಸ್ಪಷ್ಟವಾಗಿ ಇರುವುದು ಎಚ್ಚರಿಸುವ ಹಕ್ಕು. ಹಳೆಯ ಕಾಯ್ದೆಯ 41ಎಚ್ ಕಲಮಿನಲ್ಲಿದ್ದ ಈ ಹಕ್ಕು ಸಂಹಿತೆಯಲ್ಲೂ ಮುಂದುವರಿದಿದೆ: ಸನ್ನಿಹಿತ ಅಪಾಯದ ಶಂಕೆಯಿದ್ದರೆ ನೀವು ನೇರವಾಗಿಯೋ ಸಮಿತಿಯ ಸದಸ್ಯರ ಮೂಲಕವೋ ಮಾಲೀಕರಿಗೆ ತಿಳಿಸಬಹುದು, ಅದೇ ಹೊತ್ತಿಗೆ ಕಾರ್ಖಾನೆಗಳ ಇಲಾಖೆಯ ಇನ್ಸ್‌ಪೆಕ್ಟರಿಗೂ ತಿಳಿಸಬಹುದು. ಅಪಾಯವಿದೆಯೆಂದು ಮಾಲೀಕ ಒಪ್ಪಿದರೆ ಕೂಡಲೇ ಸರಿಪಡಿಸಬೇಕು. ಒಪ್ಪದಿದ್ದರೂ ಸುಮ್ಮನಿರುವಂತಿಲ್ಲ, ವಿಷಯವನ್ನು ತಕ್ಷಣ ಇನ್ಸ್‌ಪೆಕ್ಟರಿಗೆ ಒಪ್ಪಿಸಬೇಕು, ಅವರ ತೀರ್ಮಾನವೇ ಅಂತಿಮ. ಹೀಗಾಗಿ ಫ್ಯಾನುಗಳ ಬಗ್ಗೆ ಬಾಯಿಮಾತಿನ ದೂರು ಸಾಲದು. ಯಾವ ಯಂತ್ರ, ಯಾವ ದಿನದಿಂದ ಕೆಟ್ಟಿದೆ, ಯಾವ ದ್ರಾವಕ, ಯಾವ ಪಾಳಿಯಲ್ಲಿ ಎಷ್ಟು ಜನ, ಯಾರಿಗೆ ತಲೆಸುತ್ತು ಬಂದಿದೆ ಎಂಬುದನ್ನೆಲ್ಲ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಡಾವಳಿಯಲ್ಲೂ ಪ್ರತಿಯೊಂದು ವಿಷಯದ ಎದುರು ಹೊಣೆಗಾರರ ಹೆಸರು ಮತ್ತು ಗಡುವು ದಾಖಲಾಗಬೇಕೆಂದು ಒತ್ತಾಯಿಸಿ. ಗಡುವನ್ನು ನಮ್ಮ ಕಾನೂನು ಹಾಕದಿರುವಾಗ ಸಮಿತಿಯೇ ಹಾಕಿಕೊಳ್ಳಬೇಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕಾಗಿದೆ. ಧೂಳಿಗೆ ಬೆಲ್ಲ, ಹೊಗೆಗೆ ಹಾಲು, ಅದೂ ಸಾಲದಿದ್ದರೆ ತಿಂಗಳಿಗಿಷ್ಟು ಭತ್ಯೆ ಎಂಬ ರಾಜಿ ನಮ್ಮ ಕಾರ್ಖಾನೆಗಳಲ್ಲಿ ಹಳೆಯದು, ಸಂಘಗಳೂ ಅದನ್ನು ಗೆಲುವೆಂದು ಸಾರಿದ್ದುಂಟು. ಬೆಲ್ಲ ಶ್ವಾಸಕೋಶದ ಧೂಳನ್ನು ತೆಗೆಯುವುದಿಲ್ಲ. ವೇತನದ ಚೌಕಾಸಿಗೆ ಬೇರೆ ಮೇಜಿದೆ. ಫ್ಯಾನಿನ ಬದಲು ಭತ್ಯೆ ಕೊಡುತ್ತೇವೆಂದರೆ ಸಮಿತಿ ಒಪ್ಪಬಾರದು.

ಗುತ್ತಿಗೆ ಕಾರ್ಮಿಕರನ್ನು ಸಮಿತಿಯಿಂದ ಹೊರಗಿಡಬೇಡಿ. ಗುತ್ತಿಗೆದಾರನ ಮೂಲಕ ಬಂದವರನ್ನೂ ಕಾರ್ಖಾನೆಗಳ ಕಾಯ್ದೆ ತನ್ನ ವ್ಯಾಖ್ಯೆಯಲ್ಲೇ ಕಾರ್ಮಿಕರೆಂದು ಎಣಿಸಿತ್ತು. ದ್ರಾವಕದ ಎದುರು ಎಂಟು ಗಂಟೆ ನಿಲ್ಲುವವರು ಅವರೇ ಆದ್ದರಿಂದ ಆ ವಿಭಾಗದ ಸ್ಥಿತಿಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಮಾತಾಡಿದರೆ ಮರುದಿನ ಗೇಟಿನೊಳಗೆ ಬಿಡಲಿಕ್ಕಿಲ್ಲವೆಂಬ ಭಯವೂ ಅವರಿಗೇ ಹೆಚ್ಚು. ಆದ್ದರಿಂದ ಮೊದಲ ಎಚ್ಚರಿಕೆ ಪತ್ರಕ್ಕೆ ಅವರಿಂದ ಸಹಿ ಮಾಡಿಸದೆ, ಅವರು ಹೇಳಿದ ವಿವರಗಳನ್ನು ಸೇರಿಸಿ ಸಂಘದ ಪದಾಧಿಕಾರಿಗಳೇ ಸಹಿ ಮಾಡುವುದು ಸೂಕ್ತ.