ಸೀಬೆ ಗಿಡ ಸೊರಗುತ್ತಿದೆ, ಬೇರುಗಂಟು ಜಂತುಹುಳು ಹೌದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಎರಡು ವರ್ಷದ ತೈವಾನ್ ಪಿಂಕ್ ತಳಿಯ ಸೀಬೆ, ಎಲೆ ತಾಮ್ರದ ಬಣ್ಣಕ್ಕೆ ತಿರುಗಿ ಅಂಚು ಸುಟ್ಟಂತಾಗಿದೆ, ಜಿಂಕ್ ಹೊಡೆದರೂ ಸರಿಹೋಗಿಲ್ಲ, ಜಂತುಹುಳು (ಮಣ್ಣಿನಿಂದ ಬೇರೊಳಗೆ ಸೇರಿ ಗಂಟು ಮಾಡುವ ಸಣ್ಣ ಹುಳು, ನೆಮಟೋಡ್) ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಬರೀ ಎಲೆ ನೋಡಿ ಹೇಳೋಕಾಗಲ್ಲ. ನಾನೂ ಒಂದು ವರ್ಷ ಎಲೆ ಮೇಲೆ ಸುಮ್ನೆ ಔಷಧಿ ಹೊಡೆದು ದುಡ್ಡು ಕಳೆದವನೇ.

ಗುದ್ದಲಿ ತಗೊಳ್ಳಿ. ಪೂರ್ತಿ ಒಣಗಿದ ಗಿಡದ ಬುಡ ಅಗೆಯಬೇಡಿ, ಅಲ್ಲಿ ಬೇರು ಕೊಳೆತು ಏನೂ ಗೊತ್ತಾಗಲ್ಲ. ಅದರ ಪಕ್ಕದಲ್ಲಿ, ನೀರಿದ್ದರೂ ಮಧ್ಯಾಹ್ನ ಬಾಡಿ ಸಂಜೆಗೆ ಸುಧಾರಿಸಿಕೊಳ್ಳುವ ಗಿಡ ಇರುತ್ತದಲ್ಲ, ಅದನ್ನು ನೋಡಿ. ಡ್ರಿಪ್ ನೀರು ಬೀಳುವ ಕಡೆ ಒಂದು ಗೇಣು ಆಳ ಅಗೆದು, ಎಳೆಬೇರು ಜಗ್ಗದೆ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ಅದ್ದಿ ತೊಳೆಯಿರಿ. ಹುಳು ಇದ್ದರೆ ಬೇರು ಮಣಿ ಪೋಣಿಸಿದ ಹಾಗೆ ಕಾಣುತ್ತದೆ, ಜಾಸ್ತಿಯಾಗಿದ್ದರೆ ಹಸಿಶುಂಠಿ ಥರ ಊದಿಕೊಂಡಿರುತ್ತದೆ.

ಕಡಲೆಕಾಯಿ ಬೇರಲ್ಲೂ ಗಂಟು ಇರುತ್ತದೆ, ಅದು ಒಳ್ಳೆಯದಲ್ವಾ ಅಂತ ನಮ್ಮ ಪಕ್ಕದ ತೋಟದವರು ಕೇಳಿದ್ದರು. ಅದು ಬೇರಿನ ಬದಿಗೆ ಅಂಟಿಕೊಂಡಿರುವ ಗಂಟು, ಉಗುರಲ್ಲಿ ತಳ್ಳಿದರೆ ಉದುರುತ್ತದೆ. ಇಲ್ಲಿ ಬೇರಿನ ಮೈಯೇ ಊದಿರುತ್ತದೆ, ಕೀಳೋಕೆ ಹೋದರೆ ಬೇರು ತುಂಡಾಗುತ್ತದೆ. ಗಂಟನ್ನು ಬ್ಲೇಡಲ್ಲಿ ಸೀಳಿ ಭೂತಗನ್ನಡಿ ಹಿಡಿಯಿರಿ. ಗಸಗಸೆಗಿಂತ ಸಣ್ಣದಾದ, ಮುತ್ತಿನಂತೆ ಹೊಳೆಯುವ ಬಿಳಿ ಚುಕ್ಕೆ ಕಂಡರೆ ಅದೇ ಹೆಣ್ಣು ಹುಳು. ಒಂದೊಂದೂ ನೂರಾರು ಮೊಟ್ಟೆ ಇಡುತ್ತದೆ.

ಗಂಟೇ ಇಲ್ಲದೆ ಗಿಡ ಒಣಗುತ್ತಿದ್ದರೆ ಬರೀ ಸೊರಗು ರೋಗದ ಶಿಲೀಂಧ್ರ ಇರಬಹುದು. ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ, ಹುಳು ಮಾಡಿದ ಗಾಯದಲ್ಲಿ ಶಿಲೀಂಧ್ರ ನುಗ್ಗುತ್ತದೆ. ಆಗ ಬರೀ ಶಿಲೀಂಧ್ರದ ಔಷಧಿ ಬುಡಕ್ಕೆ ಸುರಿದರೆ ದಂಡ.

ಹುಳುವಿನ ಜಾತಿ ಗೊತ್ತಾಗಬೇಕಾದರೆ ಲ್ಯಾಬೇ ಬೇಕು. ಸೀಬೆಯನ್ನು ಜಾಸ್ತಿ ಕಾಡುವುದು ಮೆಲಾಯ್ಡೊಗೈನ್ ಎಂಟೆರೊಲೋಬಿ ಅನ್ನುವ ಜಾತಿ. ಜಂತುಹುಳು ತಡೆಯುತ್ತದೆ ಅಂತ ಮಾರುವ ಟೊಮೇಟೊ ತಳಿಯನ್ನೂ ಇದು ಬಿಡಲ್ಲ, ಹಾಗಾಗಿ ಸಾಲಿನ ಮಧ್ಯೆ ಟೊಮೇಟೊ, ಬದನೆ ಹಾಕಬೇಡಿ. ನಾಲ್ಕೈದು ಗಿಡದ ಬುಡದಿಂದ ಕಾಲು ಕೆಜಿ ಹಸಿಮಣ್ಣು, ಒಂದು ಹಿಡಿ ಎಳೆಬೇರು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಸಿಲು ತಾಗದಂತೆ ಕೃಷಿ ವಿಜ್ಞಾನ ಕೇಂದ್ರಕ್ಕೋ (ಕೆವಿಕೆ) ಬೆಂಗಳೂರು ಹತ್ತಿರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೋ (ಐಐಎಚ್‌ಆರ್) ಕೊಡಿ. ಗಾಡಿಯಲ್ಲಿ ಬಿಸಿಲಿಗೆ ಬೆಂದರೆ ಹುಳು ಸತ್ತು ಲೆಕ್ಕ ತಪ್ಪುತ್ತದೆ.

ನನ್ನ ತೋಟಕ್ಕೆ ಇದು ಬಂದಿದ್ದು ಸಸಿ ಕವರಿನ ಮಣ್ಣಲ್ಲಿ. ನೆಡದೆ ಉಳಿದಿದ್ದ ಆರು ಸಸಿಯ ಕವರ್ ಹರಿದು ನೋಡಿದರೆ ಐದರಲ್ಲಿ ಗಂಟು! ಸತ್ತ ಗಿಡದ ಜಾಗಕ್ಕೆ ಹೊಸ ಸಸಿ ತರುವಾಗ ನರ್ಸರಿಯಲ್ಲೇ ಒಂದೆರಡು ಕವರ್ ಹರಿದು ಬೇರು ನೋಡಿ. ನರ್ಸರಿಯವರು ಬೈದರೆ ಆ ಸಸಿಯ ದುಡ್ಡು ಕೊಟ್ಟುಬಿಡಿ.